ಬೆಂಚ್ ಕಾಯುವ ಆಟಗಾರನ ಮೇಲೆ ಅಭಿಮಾನಿಗಳಿಗೆ ಅಷ್ಟು ಪ್ರೀತಿ ಯಾಕೆ?

ಅವನು ನಮ್ಮಂಥವನೇ ಅನ್ನಿಸುತ್ತಾನೆ, ಅದಕ್ಕೆ.

ಬಾಸ್ಕೆಟ್‌ಬಾಲ್‌ನಲ್ಲಿ ಅಂಗಳಕ್ಕೆ ಇಳಿಯುವವರು 5 ಜನ. ಕೊನೆಯ ಕುರ್ಚಿಯವನಿಗೆ ಚಾನ್ಸ್ ಸಿಗುವುದು ಸೋಲು-ಗೆಲುವು ತೀರ್ಮಾನವಾದ ಮೇಲೆ, ಕೊನೆಯ ಒಂದೆರಡು ನಿಮಿಷ. ಅಮೆರಿಕದ ಕಾಲೇಜುಗಳಲ್ಲಿ 'ವಾಕ್-ಆನ್' ಅಂತ ಇರುತ್ತಾರೆ. ಆಟದ ಸ್ಕಾಲರ್‌ಶಿಪ್ ಇಲ್ಲ, ಪ್ರಾಕ್ಟೀಸ್ ಮಾತ್ರ ಎಲ್ಲರಷ್ಟೇ. ಓಹಾಯೋ ಸ್ಟೇಟ್‌ನ ಮಾರ್ಕ್ ಟೈಟಸ್ ಅಂಥವನು. ಒಂದು ನಿಮಿಷ ಆಡಿ ಏನೂ ಮಾಡದೆ ಬಂದರೆ ಸ್ಕೋರ್ ಪಟ್ಟಿಯಲ್ಲಿ 1ರ ಪಕ್ಕ ಬರೀ ಸೊನ್ನೆ. ಅದನ್ನೇ 'ಟ್ರಿಲಿಯನ್' (1ರ ಮುಂದೆ 12 ಸೊನ್ನೆ ಇರುವ ಸಂಖ್ಯೆ) ಅಂತ ತಮಾಷೆ ಮಾಡಿ ಜನಪ್ರಿಯನಾದ.

ಮುಂಬೈಯಲ್ಲಿ ನಮ್ಮ ಕಾಲೇಜು ತಂಡದಲ್ಲೂ ಒಬ್ಬನಿದ್ದ. ಮಾಟುಂಗದಲ್ಲಿ ಅವನ ಅಪ್ಪನದು ಉಡುಪಿ ಹೋಟೆಲು. ನಾಗ್ಪಾಡಾದಲ್ಲಿ ಮ್ಯಾಚ್ ಇದ್ದರೆ ಡಬ್ಬಿ ತುಂಬಾ ಬನ್ಸ್ ತರುತ್ತಿದ್ದ. (ಅರ್ಧ ಪ್ರೀತಿ ಬನ್ಸ್ ಮೇಲೆಯೇ ಇರಬೇಕು ಬಿಡಿ.) ಟೈಮ್‌ಔಟ್ ಆದರೆ ನೀರಿನ ಬಾಟಲಿ ಹಿಡಿದು ಮೊದಲು ಓಡುವವನೂ ಅವನೇ.

ಒಮ್ಮೆ ನಾವು 20 ಪಾಯಿಂಟ್ ಮುಂದಿದ್ದೆವು. ಕೋಚ್ ಅವನ ಕಡೆ ನೋಡಿದರು. ಗಡಿಬಿಡಿಯಲ್ಲಿ ಜಾಕೆಟ್ಟಿನ ಜಿಪ್ ಸಿಕ್ಕಿಹಾಕಿಕೊಂಡಿತು! ಇಬ್ಬರು ಸೇರಿ ಎಳೆದೆವು. ಇಳಿದ ಕೂಡಲೇ 2 ಫ್ರೀ ಥ್ರೋ. ಮೊದಲನೆಯದು ರಿಂಗಿಗೂ ತಾಗಲಿಲ್ಲ. ಎರಡನೆಯದು ಬೋರ್ಡಿಗೆ ಬಡಿದು ಒಳಗೆ ಬಿತ್ತು. ಆ ದಿನದ ಕೂಗಾಟ ಫೈನಲ್ ಗೆದ್ದಾಗಲೂ ಇರಲಿಲ್ಲ.

ಆ ವರ್ಷ ಯಾರು ಜಾಸ್ತಿ ಪಾಯಿಂಟ್ ಹೊಡೆದರು ಅಂತ ಕೇಳಿದರೆ ಯಾರಿಗೂ ನೆನಪಿಲ್ಲ. ಈಗಲೂ ಸೇರಿದಾಗ ಒಬ್ಬನಾದರೂ 'ಜಿಪ್ ತೆಗಿ ಮಾರಾಯಾ' ಅನ್ನುತ್ತಾನೆ.