ಬಚ್ಚಲಿನಲ್ಲಿ ಕಂಡ ಎರೆಹುಳುವಿನಂಥ ಹಾವು ಯಾವುದು?

ಮಳೆ ಸುರಿದ ಮರುದಿನ ಗಂಗಾವತಿಯ ನಿಮ್ಮ ಮನೆಯ ಬಚ್ಚಲಿನಲ್ಲಿ ಗೇಣಿಗಿಂತ ಗಿಡ್ಡನೆಯ, ಕಪ್ಪಗೆ ಹೊಳೆಯುವ ಹಾವು ಕಂಡಿತೆಂದೂ ನೆರೆಯವರು ಅದನ್ನು ವಿಷದ ಕಟ್ಟುಹಾವಿನ ಮರಿಯೆಂದರೆಂದೂ ಬರೆದಿದ್ದೀರಿ. ತಲೆ ಯಾವುದು, ಬಾಲ ಯಾವುದು ತಿಳಿಯಲಿಲ್ಲ ಎಂಬ ನಿಮ್ಮ ಮಾತಿನಿಂದಲೇ ಅದು ಹುಳುಹಾವು, ಅಂದರೆ ಕುರುಡುಹಾವು ಎಂದು ಹೇಳಬಹುದು. ಅದಕ್ಕೆ ವಿಷವಿಲ್ಲ, ಇರುವೆ ಮತ್ತು ಗೆದ್ದಲಿನ ಮೊಟ್ಟೆ, ಮರಿಗಳೇ ಅದರ ಆಹಾರ.

ಕಟ್ಟುಹಾವಿನ ಮರಿ ಮೊಟ್ಟೆಯೊಡೆದು ಬರುವಾಗಲೇ ಗೇಣುದ್ದ ಮೀರಿರುತ್ತದೆ, ಕಣ್ಣು ಸ್ಪಷ್ಟವಾಗಿರುತ್ತದೆ, ಮೈಮೇಲೆ ಬಿಳಿ ಪಟ್ಟೆಗಳಿರುತ್ತವೆ. ಆದರೆ ಬಣ್ಣವನ್ನು ನೆಚ್ಚುವುದಕ್ಕಿಂತ ಹೊಟ್ಟೆಯನ್ನು ನೋಡುವುದು ಮೇಲು. ನಾವು ದಿನವೂ ಕಾಣುವ ಹಾವುಗಳಿಗೆ ಹೊಟ್ಟೆಯ ಅಡ್ಡಕ್ಕೆ ಅಗಲವಾದ ಪಟ್ಟಿಯಂಥ ಹುರುಪೆಗಳಿದ್ದರೆ, ಹುಳುಹಾವಿಗೆ ಮೈಸುತ್ತಲೂ ಒಂದೇ ಅಳತೆಯ ಸಣ್ಣ ಹುರುಪೆಗಳಿರುತ್ತವೆ. ಸತ್ತದ್ದು ಸಿಕ್ಕಾಗ ಭೂತಗನ್ನಡಿ ಹಿಡಿದು ಎಣಿಸಿದರೆ ಒಂದು ಸುತ್ತಿಗೆ 20 ಸಾಲು. ಕಣ್ಣಿನ ಜಾಗದಲ್ಲಿ ಕಪ್ಪು ಚುಕ್ಕೆ ಮಾತ್ರ. ಬಾಲದ ತುದಿಯ ಚಿಕ್ಕ ಮುಳ್ಳನ್ನು ಅದು ಹಿಡಿದವರ ಕೈಗೆ ಒತ್ತುವುದುಂಟು, ಕೆಲವರು ಅದನ್ನೇ ಕಡಿತವೆಂದು ಹೆದರುತ್ತಾರೆ. ಎರೆಹುಳುವಿಗಿರುವ ಉಂಗುರಗಳಾಗಲಿ ಲೋಳೆಯಾಗಲಿ ಇದಕ್ಕಿಲ್ಲ, ನಾಲಗೆ ಮಾತ್ರ ಚಾಚುತ್ತದೆ.

ನಮ್ಮ ಜಿಲ್ಲೆಯದ್ದೇ ಎಂಬ ನಿಮ್ಮ ಪ್ರಶ್ನೆಗೆ ಉತ್ತರ ಹೌದು, ಆದರೆ ನಮ್ಮ ಜಿಲ್ಲೆಯದ್ದು ಮಾತ್ರವಲ್ಲ. ಈ ಪ್ರಭೇದದಲ್ಲಿ ಕಂಡದ್ದೆಲ್ಲ ಹೆಣ್ಣೇ. ಗಂಡಿನ ಹಂಗಿಲ್ಲದೆ ಮೊಟ್ಟೆಯಿಡುವುದರಿಂದ ಹೂಕುಂಡದ ಮಣ್ಣಿನೊಡನೆ ಒಂದೇ ಒಂದು ಹಾವು ಹೋದರೂ ಅಲ್ಲಿ ಸಂತತಿ ಬೆಳೆಯುತ್ತದೆ. ಹೀಗೆ ಅದು ಅಮೆರಿಕ, ಆಫ್ರಿಕಗಳವರೆಗೂ ಹರಡಿದೆ. ನನಗೂ ಅದು ಕುಂಡದ ಮಣ್ಣು ಬದಲಿಸುವಾಗಲೇ ಎರಡು ಸಲ ಸಿಕ್ಕಿದ್ದು. 1803ರಲ್ಲಿ ಫ್ರಾನ್ಸಿನ ಪ್ರಾಣಿವಿಜ್ಞಾನಿ ದೊದ್ಯಾಂ ಇದಕ್ಕೆ ವೈಜ್ಞಾನಿಕ ಹೆಸರಿಟ್ಟದ್ದು ವಿಶಾಖಪಟ್ಟಣದ ಹಾವೊಂದನ್ನು ವೈದ್ಯ ಪ್ಯಾಟ್ರಿಕ್ ರಸೆಲ್ ಚಿತ್ರಿಸಿದ್ದನ್ನು ಆಧರಿಸಿ. ರಸೆಲ್ ದಾಖಲಿಸಿದ ತೆಲುಗು ಹೆಸರಿನ ಅರ್ಥ ಎರಡು ತಲೆಯ ಹಾವು. ನಮ್ಮಲ್ಲಿ ಆ ಹೆಸರು ಮಣ್ಣುಮುಕ್ಕ ಎಂಬ ಬೇರೆ ಹಾವಿಗೆ ಸಲ್ಲುವುದರಿಂದ ಗೊಂದಲ ಇನ್ನಷ್ಟು ಹೆಚ್ಚುತ್ತದೆ. ಮಣ್ಣುಮುಕ್ಕನ ಮರಿ ಇದಕ್ಕಿಂತ ಬಹಳ ದಪ್ಪ.

ಮುಂದೆ ಅಡಿಗಿಂತ ಉದ್ದನೆಯ, ಮೂತಿ ಗಿಣಿಯ ಕೊಕ್ಕಿನಂತೆ ಬಾಗಿದ ಹುಳುಹಾವು ಕಂಡರೆ ದಯವಿಟ್ಟು ತಿಳಿಸಿ. ಅದು ಪರ್ಯಾಯ ದ್ವೀಪದ ಭಾರತಕ್ಕೆ ಸೀಮಿತವಾದ ಬೇರೆ ಪ್ರಭೇದ, ಎರಡು ಅಡಿಯವರೆಗೂ ಬೆಳೆಯುತ್ತದೆ. ಮುಟ್ಟದೆ, ಪಕ್ಕದಲ್ಲಿ ಒಂದು ನಾಣ್ಯವಿಟ್ಟು ಮೂತಿ ಮತ್ತು ಬಾಲದ ಫೋಟೋ ಬೇರೆಬೇರೆಯಾಗಿ ತೆಗೆದರೆ ಗುರುತಿಸಲು ಸುಲಭವಾಗುತ್ತದೆ.