‘ಏನು ಮಾಡ್ಬೇಕು ಹೇಳು, ಮಾಡ್ತೀನಿ’ ಎನ್ನುವ ಗಂಡನಿಂದ ಇನ್ನೇನು ಕೇಳುವುದು?

ಇಲ್ಲ, ನೀವು ಜಾಸ್ತಿ ಕೇಳುತ್ತಿಲ್ಲ. ಇಬ್ಬರೂ ಕೆಲಸಕ್ಕೆ ಹೋಗುತ್ತೀರಿ. ಗಂಡ ಒಳ್ಳೆಯವರು, ಹೇಳಿದ ಯಾವ ಕೆಲಸಕ್ಕೂ ಇಲ್ಲ ಅನ್ನುವುದಿಲ್ಲ. ಆದರೂ ರಾತ್ರಿ ಹೊತ್ತಿಗೆ ಸುಸ್ತಿನ ಜೊತೆ ಸಿಟ್ಟೂ ಬರುತ್ತದೆ, ಈ ಸಿಟ್ಟು ಸರಿಯಾ ಅಂತ ಕೇಳಿದ್ದೀರಿ. ಮದುವೆಯಾದ ಮೊದಲ ಒಂಬತ್ತು ವರ್ಷ ನಾನು ಅಂಥದೇ ಗಂಡನಾಗಿದ್ದೆ. ‘ಹೇಳು, ಮಾಡ್ತೀನಿ’ ಎನ್ನುವುದು ಪ್ರೀತಿಯ ಮಾತು ಅಂತಲೇ ನಂಬಿದ್ದೆ. ಪ್ರೀತಿ ಇತ್ತು ಕೂಡ. ಆದರೆ ಮನೆಯ ಜವಾಬ್ದಾರಿ ನಿನ್ನದು, ನಾನು ಕೈ ಜೋಡಿಸುವವನು ಅನ್ನುವುದೂ ಅದೇ ಮಾತಿನಲ್ಲಿತ್ತು.

ನನಗೆ ಇದು ಹೊಳೆದದ್ದು ಮಗಳ ಶೂನಿಂದ. ಒಂದು ಭಾನುವಾರ ಹೆಂಡತಿ ಆ ಶೂವಿನ ತುದಿಯನ್ನು ಹೆಬ್ಬೆರಳಿನಿಂದ ಒತ್ತಿ ನೋಡುತ್ತಿದ್ದಳು. ಏನದು ಅಂದೆ. ‘ಬೆರಳು ತಾಗ್ತಿದೆಯಾ ನೋಡ್ತಿದ್ದೀನಿ, ತಿಂಗಳಿಗೊಂದು ಸಲ ನೋಡ್ತೀನಲ್ಲ’ ಅಂದಳು. ಮಗಳಿಗೆ ಆಗ ಏಳು ವರ್ಷ. ಶೂ ಬಿಗಿ ಅಂತ ಅವಳು ಒಂದು ದಿನವೂ ಅತ್ತಿರಲಿಲ್ಲ. ಯಾಕೆ ಅಂತ ನಾನು ಯೋಚಿಸಿಯೇ ಇರಲಿಲ್ಲ. ಅಂಗಡಿಗೆ ಹೋಗಿ ಹೊಸ ಶೂ ತರುತ್ತಿದ್ದವನು ನಾನೇ. ನನ್ನ ಪಾಲಿನ ಕೆಲಸ ಮಾಡಿದ್ದೇನೆ ಅಂತ ಮನಸ್ಸಿನಲ್ಲಿ ಲೆಕ್ಕವೂ ಇತ್ತು. ಆದರೆ ಯಾವಾಗ ತರಬೇಕು, ಯಾವ ಅಳತೆ, ಹಳೆಯದನ್ನು ಯಾರಿಗೆ ಕೊಡುವುದು, ಅದೆಲ್ಲ ಅವಳ ತಲೆಯಲ್ಲಿತ್ತು.

ಸಮಾಜಶಾಸ್ತ್ರಜ್ಞೆ ಆಲಿಸನ್ ಡ್ಯಾಮಿಂಜರ್ 35 ದಂಪತಿಗಳ ಜೊತೆ ಮಾತಾಡಿ 2019ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಮನೆಗೆಲಸದ ಹಿಂದಿನ ಯೋಚನೆಯಲ್ಲಿ ಅವರು ನಾಲ್ಕು ಹಂತ ಗುರುತಿಸಿದ್ದಾರೆ. ಮುಂದೆ ಏನು ಬೇಕಾಗುತ್ತದೆ ಎಂದು ಮೊದಲೇ ತಿಳಿಯುವುದು, ಅದಕ್ಕೆ ದಾರಿ ಹುಡುಕುವುದು, ತೀರ್ಮಾನ ಮಾಡುವುದು, ಕೊನೆಗೆ ಅದು ಆಯಿತಾ ಅಂತ ನೋಡುವುದು. ತೀರ್ಮಾನ ಮಾಡುವಾಗ ಗಂಡಂದಿರು ಸಾಕಷ್ಟು ಜೊತೆಗಿರುತ್ತಾರೆ. ಮೊದಲನೆಯದೂ ಕೊನೆಯದೂ ಹೆಚ್ಚಾಗಿ ಹೆಂಡತಿಯ ಪಾಲು. ನಿಮ್ಮ ಸುಸ್ತು ಎಲ್ಲಿಂದ ಬರುತ್ತಿದೆ ಅಂತ ಇದರಲ್ಲೇ ಗೊತ್ತಾಗುತ್ತದೆ. ಪಾತ್ರೆ ತೊಳೆದರೆ ಮುಗಿಯುತ್ತದೆ. ನೆನಪಿಟ್ಟುಕೊಳ್ಳುವುದು ಮುಗಿಯುವುದೇ ಇಲ್ಲ, ಮಲಗಿದಾಗಲೂ ತಲೆಯಲ್ಲಿ ಓಡುತ್ತಿರುತ್ತದೆ.

ಇನ್ನು ಕೈಯಿಂದ ಮಾಡುವ ಕೆಲಸದ ಲೆಕ್ಕ. ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯ 2018ರ ವರದಿ ಪ್ರಕಾರ, ಸಂಬಳವಿಲ್ಲದ ಮನೆಗೆಲಸ ಮತ್ತು ಆರೈಕೆಗೆ ಜಗತ್ತಿನಲ್ಲಿ ಹೆಂಗಸರು ದಿನಕ್ಕೆ ಸರಾಸರಿ 4 ಗಂಟೆ 25 ನಿಮಿಷ ಕೊಡುತ್ತಾರೆ. ಗಂಡಸರು 1 ಗಂಟೆ 23 ನಿಮಿಷ. ಅದರ ಮೇಲೆ ಈ ನೆನಪಿನ ಹೊರೆ ಬೇರೆ.

‘ಒಂದು ದಿನ ಏನೂ ಮಾಡ್ಬೇಡಿ, ಆಗ ಗೊತ್ತಾಗುತ್ತೆ’ ಅಂತ ನಿಮಗೆ ಯಾರಾದರೂ ಹೇಳಬಹುದು. ಐಸ್‌ಲ್ಯಾಂಡಿನಲ್ಲಿ 1975ರ ಅಕ್ಟೋಬರ್ 24ರಂದು ಸುಮಾರು 90% ಹೆಂಗಸರು ಮನೆಗೆಲಸವನ್ನೂ ಹೊರಗಿನ ಕೆಲಸವನ್ನೂ ನಿಲ್ಲಿಸಿದ್ದರು. ಅಪ್ಪಂದಿರು ಮಕ್ಕಳನ್ನು ಆಫೀಸಿಗೆ ಕರೆದುಕೊಂಡು ಹೋದರು. ಮರುವರ್ಷ ಅಲ್ಲಿ ಸಮಾನತೆಯ ಕಾನೂನು ಬಂತು. ಊರಿಗೆ ಊರೇ ನಿಂತಿದ್ದರಿಂದ ಅದಕ್ಕೆ ಬಲ ಬಂತು. ಒಬ್ಬಳೇ ತನ್ನ ಮನೆಯಲ್ಲಿ ಹಾಗೆ ಮಾಡಿದರೆ ಮರುದಿನ ಎರಡು ದಿನದ ಕೆಲಸ ಅವಳಿಗೇ ಕಾದಿರುತ್ತದೆ. ನಾನಂತೂ ಇದನ್ನು ಹೇಳುವುದಿಲ್ಲ.

ನಾವು ಮಾಡಿದ್ದು ಬೇರೆ. ಕೆಲಸಗಳನ್ನು ಬಿಡಿಬಿಡಿಯಾಗಿ ಹಂಚಿಕೊಳ್ಳುವುದನ್ನು ಬಿಟ್ಟು, ಒಂದೊಂದನ್ನು ಬುಡದಿಂದ ತುದಿಯವರೆಗೆ ಒಬ್ಬರಿಗೇ ವಹಿಸಿದೆವು. ಬಟ್ಟೆ ಪೂರ್ತಿ ನನ್ನದು ಅಂದರೆ ಒಗೆಯುವುದಷ್ಟೇ ಅಲ್ಲ. ಸೋಪಿನ ಪುಡಿ ಮುಗಿಯುತ್ತಿದೆ ಅಂತ ನೋಡುವುದು, ನಾಳೆ ಯಾವ ಯೂನಿಫಾರ್ಮ್ ಅಂತ ನೆನಪಿಡುವುದು, ಕಿತ್ತುಹೋದ ಗುಂಡಿ ಹೊಲಿಯುವುದು ಎಲ್ಲ ನನ್ನದೇ. ಶೂ ಕೂಡ ನನ್ನದಾಯಿತು. ಮಗಳ ಡಾಕ್ಟರು ಮತ್ತು ಲಸಿಕೆಗಳ ದಿನಾಂಕವನ್ನು ಆರು ತಿಂಗಳಾದ ಮೇಲೆ ತೆಗೆದುಕೊಂಡೆ.

ಎರಡನೇ ವಾರದಲ್ಲೇ ಒಂದು ಬೆಳಿಗ್ಗೆ ಯೂನಿಫಾರ್ಮ್ ಒದ್ದೆಯಿತ್ತು. ಮಗಳು ಅದನ್ನೇ ಹಾಕಿಕೊಂಡು ಹೋದಳು. ಹೆಂಡತಿ ಅಡುಗೆಮನೆಯಲ್ಲಿ ನಿಂತು ಒಂದು ಮಾತೂ ಆಡಲಿಲ್ಲ. ಅವತ್ತು ಅವಳು ಸುಮ್ನೆ ಇದ್ದದ್ದಕ್ಕೆ ನಾನು ಇವತ್ತಿಗೂ ಋಣಿ. ಅವಳು ಬಂದು ಇಸ್ತ್ರಿ ಪೆಟ್ಟಿಗೆ ಹಿಡಿದಿದ್ದರೆ ಬಟ್ಟೆ ಮತ್ತೆ ಅವಳದೇ ಆಗುತ್ತಿತ್ತು.

ಸುಮ್ನಿರುವುದು ಅವಳಿಗೆ ಯಾಕೆ ಅಷ್ಟು ಕಷ್ಟ ಅಂತ ಅರ್ಥವಾಗಲು ನನಗೆ ಇನ್ನೂ ಸಮಯ ಹಿಡಿಯಿತು. ನಾನು ಮಡಚಿಟ್ಟ ಬಟ್ಟೆಯನ್ನು ಅವಳು ಮತ್ತೆ ಬಿಚ್ಚಿ ಮಡಚುತ್ತಿದ್ದಳು. ನನಗೆ ಬೇಜಾರಾಗುತ್ತಿತ್ತು. ಒಂದು ದಿನ ನಾನು ಬಟ್ಟೆ ಒಣಹಾಕುತ್ತಿದ್ದಾಗ ಬಂದ ನೆಂಟರೊಬ್ಬರು ಅವಳಿಗೆ, ‘ಪುಣ್ಯ ಮಾಡಿದ್ದೀಯಮ್ಮ, ಎಂಥ ಗಂಡ’ ಅಂದರು. ಒಂಬತ್ತು ವರ್ಷ ಅವಳು ಒಣಹಾಕಿದಾಗ ನಾನು ಪುಣ್ಯವಂತ ಅಂತ ಯಾರೂ ಹೇಳಿರಲಿಲ್ಲ. ಮಗಳು ಒದ್ದೆ ಬಟ್ಟೆಯಲ್ಲಿ ಹೋದರೆ ‘ಅಮ್ಮ ನೋಡಿಲ್ವಾ?’ ಅಂತ ಕೇಳುತ್ತಾರೆ. ಮಾಡಿದರೆ ಹೊಗಳಿಕೆ ನನಗೆ, ತಪ್ಪಿದರೆ ಮಾತು ಅವಳಿಗೆ. ಮತ್ತೆ ಬಿಚ್ಚಿ ಮಡಚದೆ ಅವಳಾದರೂ ಏನು ಮಾಡಬೇಕಿತ್ತು? ಆಮೇಲೆ ಯಾರಾದರೂ ಅವಳನ್ನು ಕೇಳಿದರೆ ‘ಅದು ನನ್ನ ಕೆಲಸ, ನಾನು ಮರೆತೆ’ ಅಂತ ನಾನೇ ಮುಂದೆ ಬಂದು ಹೇಳತೊಡಗಿದೆ. ನಮ್ಮ ಮನೆ ನಿಜವಾಗಿ ಬದಲಾದದ್ದು ಅಲ್ಲಿಂದ. ಈಗ ಅವಳು ನನ್ನ ಕಪಾಟಿನ ಕಡೆ ನೋಡುವುದಿಲ್ಲ.

ಮಾತಾಡಲು ಕೂತಾಗ ಯಾರು ಎಷ್ಟು ಮಾಡುತ್ತಾರೆ ಅಂತ ಬಾಯಲ್ಲಿ ಲೆಕ್ಕ ಹಾಕಬೇಡಿ. ಮನೋವಿಜ್ಞಾನಿಗಳಾದ ಮೈಕಲ್ ರಾಸ್ ಮತ್ತು ಫಿಯೋರ್ ಸಿಕೋಲಿ 1979ರಲ್ಲೇ ತೋರಿಸಿದ್ದಾರೆ, ಗಂಡ ಹೆಂಡತಿ ಹೇಳುವ ಪಾಲುಗಳನ್ನು ಕೂಡಿಸಿದರೆ ಸಾಮಾನ್ಯವಾಗಿ 100% ದಾಟುತ್ತದೆ. ಸುಳ್ಳು ಹೇಳುತ್ತಾರೆ ಅಂತಲ್ಲ, ಅವರವರು ಮಾಡಿದ್ದು ಅವರವರಿಗೆ ಬೇಗ ನೆನಪಾಗುತ್ತದೆ ಅಷ್ಟೇ. ಅದರ ಬದಲು ಒಂದು ವಾರ ನಿಮ್ಮ ತಲೆಯಲ್ಲಿ ಓಡಿದ್ದನ್ನೆಲ್ಲ ಕಾಗದದ ಮೇಲೆ ಬರೆಯಿರಿ. ಚಿಕ್ಕದು ಅಂತ ಯಾವುದನ್ನೂ ಬಿಡಬೇಡಿ. ನಂತರ ಅದನ್ನು ಅವರ ಮುಂದಿಟ್ಟು, ‘ಇದರಲ್ಲಿ ಯಾವುದನ್ನು ನಾನು ಪೂರ್ತಿ ಮರೆತುಬಿಡಬಹುದು?’ ಅಂತ ಕೇಳಿ. ಅವರು ಒಂದೇ ಒಂದನ್ನು ಆರಿಸಿಕೊಂಡರೂ ಸಾಕು, ಎರಡು ತಿಂಗಳು ಆ ಕಡೆ ತಿರುಗಿ ನೋಡಬೇಡಿ.

ಅವರಿಗೂ ಇದನ್ನು ತೋರಿಸಬೇಕು ಅನ್ನಿಸಿದರೆ ತೋರಿಸಿ. ಅವರಿಗೆ ಏನಾದರೂ ಕೇಳಬೇಕಿದ್ದರೆ ನನ್ನನ್ನು ಕೇಳಲಿ, ಖಂಡಿತ ಉತ್ತರಿಸುತ್ತೇನೆ.