ಟ್ಯಾಂಕ್ ಬಂದರೆ ಕಾಲಾಳು ಎಲ್ಲಿಗೆ ಓಡಬೇಕು?

ಪ್ರಶ್ನೆ: ನಾನು ಎಂಜಿನಿಯರಿಂಗ್ ಕೊನೆಯ ವರ್ಷದಲ್ಲಿದ್ದೇನೆ. ಗೆಳೆಯರ ಜೊತೆ ಅನ್ರಿಯಲ್ ಎಂಜಿನ್‌ನಲ್ಲಿ ಒಂದು ಮಲ್ಟಿಪ್ಲೇಯರ್ ಶೂಟರ್ ಗೇಮ್ ಮಾಡುತ್ತಿದ್ದೇವೆ. ಎರಡೂ ತಂಡಕ್ಕೆ ಟ್ಯಾಂಕ್ ಕೊಟ್ಟಿದ್ದೇವೆ. ಹತ್ತಿದವನು ಕಂಡಕಂಡವರನ್ನೆಲ್ಲ ಹೊಡೆದು ಹಾಕುತ್ತಾನೆ. ಟ್ಯಾಂಕ್‌ನ ಹೆಲ್ತ್ (ಎಷ್ಟು ಏಟು ತಡೆಯುತ್ತದೆ ಅನ್ನುವ ಅಂಕಿ) ಕಡಿಮೆ ಮಾಡಿದರೆ ಯಾರೂ ಹತ್ತುವುದೇ ಇಲ್ಲ. ಏನು ಮಾಡೋಣ ಸರ್?
— ಓದುಗ, ಹುಬ್ಬಳ್ಳಿ

ಉತ್ತರ: ಹೆಲ್ತ್ ನಂಬರನ್ನು ಸದ್ಯಕ್ಕೆ ಮುಟ್ಟಲೇಬೇಡಿ. ತೊಂದರೆ ಇರುವುದು ನೆಲದಲ್ಲಿ. ಟ್ಯಾಂಕ್ ನಿಂತ ಜಾಗದಿಂದ ಎಷ್ಟು ದೂರ ಕಾಣಿಸುತ್ತದೆ, ಕಾಲಾಳು ಅದರ ಕಣ್ಣಿಗೆ ಬೀಳದೆ ಹತ್ತಿರ ಹೋಗಬಹುದಾ? ಮೊದಲು ಇವೆರಡನ್ನೇ ನೋಡಿ.

ದೊಡ್ಡ ಕಂಪನಿಗಳೂ ಇಲ್ಲೇ ಎಡವಿವೆ. 2021ರಲ್ಲಿ ಬಂದ ಬ್ಯಾಟಲ್‌ಫೀಲ್ಡ್ 2042ರಲ್ಲಿ ಒಂದೇ ಮ್ಯಾಚ್‌ಗೆ 128 ಜನ ಆಡಬಹುದಿತ್ತು. ಅಷ್ಟು ಜನರಿಗೆ ಜಾಗ ಬೇಕಲ್ವಾ, ಹಾಗಾಗಿ ಮ್ಯಾಪ್‌ಗಳು ವಿಪರೀತ ದೊಡ್ಡದಾದವು, ಒಂದು ಧ್ವಜದಿಂದ (ತಂಡ ವಶಪಡಿಸಿಕೊಳ್ಳಬೇಕಾದ ಜಾಗ) ಇನ್ನೊಂದಕ್ಕೆ ಬಟಾಬಯಲಲ್ಲಿ ಓಡುತ್ತಾ ಹೋಗಬೇಕು, ಅರ್ಧ ದಾರಿಯಲ್ಲೇ ಯಾವುದೋ ವಾಹನ ಹೊಡೆದು ಮುಗಿಸುತ್ತದೆ. ಆಟಗಾರರು ಜೋರಾಗಿಯೇ ದೂರಿದರು. ದಕ್ಷಿಣ ಕೊರಿಯಾದ ಸಾಂಗ್ಡೊ ನಗರದಲ್ಲಿ ನಡೆಯುವ ಕೆಲಿಡೋಸ್ಕೋಪ್ ಮ್ಯಾಪನ್ನು ಕಂಪನಿಯವರು 2022ರಲ್ಲಿ ತಿದ್ದಿದರು. ಮರೆಗಳನ್ನು ಜಾಸ್ತಿ ಮಾಡಿದರು, ಧ್ವಜಗಳ ಜಾಗ ಬದಲಿಸಿದರು. ಅಂದರೆ ರಿಪೇರಿ ಆಗಿದ್ದು ನೆಲದಲ್ಲೇ.

ನೀವು ಹೀಗೆ ಮಾಡಿ. ಗ್ರೇಬಾಕ್ಸ್ ಹಂತದಲ್ಲೇ, ಅಂದರೆ ಕಟ್ಟಡ, ಗೋಡೆಗಳ ಜಾಗದಲ್ಲಿ ಬರೀ ಡಬ್ಬಗಳಿರುವಾಗಲೇ, ಒಂದು ಧ್ವಜ ಆರಿಸಿಕೊಳ್ಳಿ. ಟ್ಯಾಂಕ್ ತಂದು ದಾರಿಯಲ್ಲಿ ನಿಲ್ಲಿಸಿ, ಓಡಿಸುವವನ ಕ್ಯಾಮೆರಾದಿಂದ ನೋಡಿ. ಇದು ಬಹಳ ಮುಖ್ಯ, ಯಾಕೆಂದರೆ ಸುಮಾರು ಆಟಗಳಲ್ಲಿ ಆ ಕ್ಯಾಮೆರಾ ಟ್ಯಾಂಕಿನ ಹಿಂದೆ, ಮೇಲೆ ಇರುತ್ತದೆ. ನೆಲದ ಮೇಲೆ ನಿಂತವನಿಗೆ ಸೊಂಟದೆತ್ತರದ ಗೋಡೆ ಒಳ್ಳೆಯ ಮರೆ ಅನಿಸುತ್ತದೆ, ಆದರೆ ಮೇಲಿಂದ ನೋಡುವವನಿಗೆ ಅದರ ಹಿಂದೆ ಕೂತವನ ತಲೆ, ಬೆನ್ನು ಎಲ್ಲ ಕಾಣುತ್ತದೆ. ಕೂತವನು ತಲೆ ಎತ್ತುವುದನ್ನೇ ಟ್ಯಾಂಕಿನವನು ಕಾಯುತ್ತಾ ನಿಲ್ಲಬಹುದು. ಹಾಗಾಗಿ ವಾಹನ ಬರುವ ಕಡೆ ಮರೆ ಆಳೆತ್ತರಕ್ಕಿಂತ ಜಾಸ್ತಿ ಇರಲಿ.

ಇನ್ನು ಮರೆಗಳ ನಡುವಿನ ದೂರ. ಟ್ಯಾಂಕ್ ಒಮ್ಮೆ ಹೊಡೆದು ಮತ್ತೆ ಹೊಡೆಯಲು 3 ಸೆಕೆಂಡ್ ಬೇಕು, ನಿಮ್ಮ ಸೈನಿಕ ಸೆಕೆಂಡಿಗೆ 6 ಮೀಟರ್ ಓಡುತ್ತಾನೆ ಅಂದುಕೊಳ್ಳಿ. ಆಗ ಒಂದು ಮರೆಯಿಂದ ಇನ್ನೊಂದಕ್ಕೆ 18 ಮೀಟರ್ ದಾಟಬಾರದು. ನಿಮ್ಮ ಆಟದ ಅಂಕಿ ಹಾಕಿ ಲೆಕ್ಕ ಮಾಡಿ. ಮರೆ ಮರೆ ಹಿಡಿದು ಹೋದರೆ ಟ್ಯಾಂಕಿನ ಹಿಂಭಾಗ ಸಿಗಬೇಕು. ಬ್ಯಾಟಲ್‌ಫೀಲ್ಡ್‌ನಲ್ಲಿ ಹಿಂದಿನಿಂದ ಹೊಡೆದರೆ ಏಟು ಜೋರು, ಆದರೆ ಹಿಂದೆ ಹೋಗಲು ದಾರಿಯೇ ಇಲ್ಲದ ಮ್ಯಾಪ್‌ನಲ್ಲಿ ಆ ನಿಯಮ ಇದ್ದೂ ಪ್ರಯೋಜನವಿಲ್ಲ. ಮೇಲಿನ ಮಹಡಿ ಕಿಟಕಿಗಳೂ ಉಪಯೋಗಕ್ಕೆ ಬರುತ್ತವೆ. ನಳಿಕೆ ಒಂದು ಮಟ್ಟಕ್ಕಿಂತ ಮೇಲೆ ಏಳುವುದಿಲ್ಲ ಅಂತ ಮಾಡಿದರೆ ಟ್ಯಾಂಕ್ ಹತ್ತಿರ ಬಂದಷ್ಟೂ ಕಿಟಕಿಯವನಿಗೆ ಅನುಕೂಲ.

ಹಾಗಂತ ಎಲ್ಲ ಕಿಟಕಿಯಲ್ಲೂ ರಾಕೆಟ್ ಇಡಬೇಡಿ. ಆಗ ಟ್ಯಾಂಕಿನವನು ಒಳಗೆ ಬರುವುದೇ ಇಲ್ಲ, ದೂರದ ಗುಡ್ಡದ ಮೇಲೆ ನಿಂತು ಸುಮ್ನೆ ಹೊಡೆಯುತ್ತಾ ಕೂರುತ್ತಾನೆ. ನನ್ನ ಪ್ರಕಾರ ಇದಕ್ಕಿಂತ ಬೇಸರದ ಆಟ ಇನ್ನೊಂದಿಲ್ಲ, ಇಬ್ಬರಿಗೂ. ಆ ಗುಡ್ಡದಿಂದ ಯಾವ ಧ್ವಜವೂ ಪೂರ್ತಿ ಕಾಣದ ಹಾಗೆ ಮಾಡಿ. ಧ್ವಜಗಳ ನಡುವಿನ ರಸ್ತೆ ಟ್ಯಾಂಕಿನದ್ದಾಗಲಿ, ಧ್ವಜದ ಅಂಗಳ ಕಾಲಾಳಿನದ್ದು. ಏಟು ತಿಂದ ಟ್ಯಾಂಕ್ ಹಿಂದೆ ಸರಿದು ರಿಪೇರಿ ಮಾಡಿಕೊಳ್ಳಲು ಒಂದು ದಾರಿ ಬಿಡಿ. ಹೇಲೋ 2 ಗೇಮ್‌ನಲ್ಲಿ (2004) ಹತ್ತಿರ ಬಂದವನು ಎದುರಾಳಿಯ ವಾಹನದ ಮೇಲೇ ಹತ್ತಿ ಕಿತ್ತುಕೊಳ್ಳಬಹುದಿತ್ತು. ಇಂಥ ಉಪಾಯವೂ ಸೇರಿಸಬಹುದು, ಆದರೆ ಹತ್ತಿರ ಬರಲು ಮರೆ ಇದ್ದರೆ ಮಾತ್ರ ಅದು ಕೆಲಸ ಮಾಡುತ್ತದೆ.

ಇಷ್ಟೆಲ್ಲ ಆದಮೇಲೂ ಒಂದು ಕಡೆ ವಾಲುತ್ತಿದ್ದರೆ ಆಗ ಹೆಲ್ತ್ ನಂಬರಿಗೆ ಕೈ ಹಾಕಿ.

ಪ್ರಶ್ನೆ: ಬಿಜಿಎಂಐ (ಬ್ಯಾಟಲ್‌ಗ್ರೌಂಡ್ಸ್ ಮೊಬೈಲ್ ಇಂಡಿಯಾ) ಗೇಮ್‌ನಲ್ಲಿ ಅಷ್ಟೊಂದು ಗಾಡಿಗಳಿವೆ. ಆದರೂ ನಡೆದು ಆಡುವವರಿಗೆ ಅನ್ಯಾಯ ಅನಿಸುವುದಿಲ್ಲ. ಯಾಕೆ?
— ಓದುಗಿ, ಮೈಸೂರು

ಉತ್ತರ: ಕ್ಲಾಸಿಕ್ ಆಟದ ಮಾಮೂಲಿ ಜೀಪು, ಬೈಕಿಗೆ ತೋಪು ಇರುವುದಿಲ್ಲ. ಅವು ಇರುವುದು ದೂರ ಹೋಗೋಕೆ. ಎರಾಂಗೆಲ್ ಮ್ಯಾಪ್ 8 ಕಿ.ಮೀ. ಉದ್ದ, 8 ಕಿ.ಮೀ. ಅಗಲ. ಜೋನ್ (ಆಟಗಾರರು ಒಳಗೇ ಇರಬೇಕಾದ ಸುರಕ್ಷಿತ ವೃತ್ತ) ದೂರ ಬಿದ್ದರೆ ಗಾಡಿ ಬೇಕೇ ಬೇಕು. ಆದರೆ ಎಂಜಿನ್ ಸದ್ದು ಸುತ್ತಲಿನವರಿಗೆಲ್ಲ ಕೇಳುತ್ತದೆ, ಟೈರಿಗೆ ಹೊಡೆದು ಪಂಕ್ಚರ್ ಮಾಡಬಹುದು, ಜಾಸ್ತಿ ಏಟು ಬಿದ್ದರೆ ಗಾಡಿಯೇ ಸಿಡಿಯುತ್ತದೆ. ಜೋನ್ ಚಿಕ್ಕದಾಗುತ್ತಾ ಹೋದ ಹಾಗೆ ಗಾಡಿಯ ಬೆಲೆಯೂ ಇಳಿಯುತ್ತದೆ, ಕೊನೆಗೆ ಅದರ ಹಿಂದೆ ಅಡಗಿ ಕೂರೋಕಷ್ಟೇ ಬಳಸುತ್ತಾರೆ. ಸನ್ಹೋಕ್ 4 ಕಿ.ಮೀ. ಅಗಲದ ಮ್ಯಾಪ್, ಅಲ್ಲಿ ಗಾಡಿ ಸಿಗದಿದ್ದರೂ ಎಷ್ಟೋ ಸಲ ಓಡಿಯೇ ಜೋನ್ ಸೇರಬಹುದು.